ಹತ್ತೊಂಬತ್ತರ ಅಕ್ಕ

ಗಂಡ ಕೊಲೆಗಾರನೆಂದು ಗೊತ್ತಾಗಲು ನನಗೆ ಇಪ್ಪತ್ತೆರಡು ವರ್ಷ ಬೇಕಾಯಿತು. ಬೇರೆ ಹೆಂಗಸರಾಗಿದ್ದರೆ ಕ್ಷಮಿಸಬಹುದಿತ್ತು. ಆದರೆ ಜಿಯಾಯಿ ಪೇಟೆಯಲ್ಲಿ ಕಾದಂಬರಿ ಬಾಡಿಗೆಗೆ ಕೊಡುವ ಅಂಗಡಿ ನಡೆಸುವವಳು ನಾನು. ಗಿರಾಕಿಗಳು ಕಡಿಮೆಯಾದಷ್ಟೂ ನನ್ನ ಓದು ಹೆಚ್ಚಾಗಿದೆ. ರಹಸ್ಯ, ಹುಚ್ಚು, ಕೊಲೆ ಇರುವ ಪುಸ್ತಕ ಒಂದನ್ನೂ ಬಿಟ್ಟಿಲ್ಲ. ಆ ಪುಸ್ತಕಗಳಲ್ಲಿ ಯಾವಾಗಲೂ ಗಂಡನದೇ ಕೈವಾಡ. ಗಂಡ ಎಷ್ಟು ಸಾಧುವೋ ಅವನು ತೋಡಿದ ಗುಂಡಿ ಅಷ್ಟು ಆಳ.

ನನ್ನ ಗಂಡ ಚಿನ್‌ಫಾನಂಥ ಸಾಧು ನಮ್ಮ ಬೀದಿಯಲ್ಲೇ ಇಲ್ಲ. ಏಸಿ ರಿಪೇರಿ ಅವನ ಕಸುಬು. ಗೋಡೆಗೆ ತೂತು ಕೊರೆಯುವ ಮುಂಚೆ ಅದರ ಅಪ್ಪಣೆ ಕೇಳುವವನ ಹಾಗೆ ಒಮ್ಮೆ ಸವರುತ್ತಾನೆ. ಜಗಳ ಇನ್ನೇನು ರಂಗೇರಬೇಕು ಅನ್ನುವಾಗ ‘ಹೌದು, ನೀನು ಹೇಳಿದ್ದೇ ಸರಿ’ ಎಂದು ಎದ್ದುಹೋಗುತ್ತಾನೆ. ಇಂಥವನ ಜೊತೆ ಸಂಸಾರ ಮಾಡುವುದು ಸುಲಭ, ಜಗಳ ಮಾಡುವುದು ಕಷ್ಟ.

ಆ ವಸಂತದಲ್ಲಿ, ಹಿರಿಯರ ಗೋರಿ ಗುಡಿಸುವ ಹಬ್ಬ ಕಳೆದ ವಾರ, ಸ್ಕ್ರೂಡ್ರೈವರ್ ಹುಡುಕಲು ಅವನ ವ್ಯಾನಿಗೆ ಕೈ ಹಾಕಿದೆ. ಗ್ಯಾಸ್ ಸಿಲಿಂಡರಿನ ಹಿಂದೆ ಒಂದು ಚೀಲ ಸಿಕ್ಕಿತು. ಒಳಗೆ ಹಸಿರು ಬಣ್ಣದ ಹೊಸ ಲಂಗ, ಒಂದು ತುಟಿಬಣ್ಣ. ಲಂಗದ ಸೊಂಟ ಎಷ್ಟು ಸಣ್ಣದೆಂದರೆ ಅದರೊಳಗೆ ನನ್ನ ಒಂದು ತೊಡೆಯೂ ತೂರುತ್ತಿರಲಿಲ್ಲ. ಮರುದಿನ ಚಿನ್‌ಫಾ, ‘ಸಮುದ್ರದ ಕಡೆ ಡೊಂಗ್‌ಶಿಯಲ್ಲಿ ಒಂದು ಹಳೇ ಮೆಷೀನು ಕೆಟ್ಟಿದೆ’ ಎಂದು ಹೋದವನು ಸಂಜೆಗೆ ಬಂದ. ಚೀಲ ಇರಲಿಲ್ಲ. ಅಂಗಿಯೆಲ್ಲ ಹೊಗೆ ವಾಸನೆ. ಬೂಟಿನ ಅಡಿಗೆ ಅಂಗುಲದಷ್ಟು ಹಸಿರು ಬಟ್ಟೆ ಅಂಟಿಕೊಂಡಿತ್ತು, ಅಂಚು ಸುಟ್ಟು ಕರಕಲಾಗಿತ್ತು. ಪ್ರತಿ ವಸಂತದಲ್ಲೂ ಡೊಂಗ್‌ಶಿಯ ಆ ಮೆಷೀನು ಕೆಡುತ್ತಲೇ ಬಂದಿದೆ ಎಂಬುದು ನನಗೆ ಆಗ ಹೊಳೆಯಿತು.

ನನ್ನ ಅಂಗಡಿಯ ಪಕ್ಕ ಟರ್ಕಿ ಕೋಳಿ ಅನ್ನ ಮಾರುವ ಮೇಯ್‌ಹುಯಿಗೆ ಹೇಳದೆ ಇರಲಾಗಲಿಲ್ಲ.

"ಬಟ್ಟೆ ಸುಡೋದು ಸತ್ತೋರಿಗಲ್ವೇನೇ ಮಂಕೇ?" ಎಂದಳು ಅವಳು, ಅನ್ನದ ಮೇಲೆ ಕೊಬ್ಬು ಹಾಕುತ್ತ. "ಯಾರೋ ತೀರ್ಕೊಂಡೋರಿಗೆ ಕಳ್ಸಿರ್ತಾನೆ."

"ಯಾರಿಗೆ? ಅವನಿಗೆ ಅಕ್ಕ ತಂಗಿ ಯಾರೂ ಇಲ್ಲ. ಅವರಮ್ಮ ಇದ್ದಾಗ ಎಷ್ಟು ದಪ್ಪ ಅಂದ್ರೆ ಬಾಗಿಲಲ್ಲಿ ಅಡ್ಡಡ್ಡ ಬರ್ತಿದ್ರು. ಇದು ಹರೇದ ಹುಡುಗೀದು ಕಣೇ. ಸೊಂಟ ಇಷ್ಟೇ ಇಷ್ಟು."

"ಹಂಗಾದ್ರೆ ಯಾವ್ದೋ ಹಳೇ ಪ್ರೀತಿ."

"ಪ್ರೀತಿಯಂತೆ! ಕೊಂದಿದಾನೆ. ಈಗ ಪಾಪಪ್ರಜ್ಞೆ, ವರ್ಷಕ್ಕೊಂದು ಲಂಗ ಸುಡ್ತಾನೆ."

"ಯಾರು, ನಿನ್ನ ಚಿನ್‌ಫಾನಾ? ಜಿರಲೆ ಹೊಡೆಯೋಕೆ ನಿನ್ನ ಕರೀತಾನಲ್ಲೇ!"

"ಅದೇ ಮತ್ತೆ. ಪುಸ್ತಕದಲ್ಲೂ ಹಂಗೇ ಇರ್ತಾರೆ."

ನಿಜ ಹೇಳಿಬಿಡುತ್ತೇನೆ. ಅವನು ಕೊಲೆಗಾರನಾಗಿರಲಿ ಎಂದೇ ನಾನು ಬೇಡಿಕೊಳ್ಳುತ್ತಿದ್ದೆ. ಕೊಲೆಯಾದರೆ ಜೈಲಿಗೆ ಹೋಗಿ ಊಟ ಕೊಟ್ಟು ಬರಬಹುದು, ಆಗಲೂ ಅವನು ನನ್ನ ಗಂಡನೇ. ಪ್ರೀತಿಯಾದರೆ ನಾನು ಯಾರು? ಇಷ್ಟು ವರ್ಷ ನಾನು ಯಾರ ಜಾಗದಲ್ಲಿ ಮಲಗಿ ಎದ್ದೆ?

ಅಲ್ಲಿಂದ ಗೀಳು ಹಿಡಿಯಿತು. ಒಗೆಯುವ ಮುಂಚೆ ಅವನ ಜೇಬುಗಳನ್ನೆಲ್ಲ ಮೂಸಿದೆ. ಮಹಡಿಯ ನೀರಿನ ತೊಟ್ಟಿಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ನಮ್ಮದು ಮೂರನೇ ಅಂತಸ್ತಿನ ಮನೆ, ನೆಲಮಾಳಿಗೆ ಇಲ್ಲದ್ದು ತನಿಖೆಗೆ ದೊಡ್ಡ ಕೊರತೆಯಾಯಿತು. ಗಂಡ ಹೆಣ ಬಚ್ಚಿಡುವ ಪುಟ ತೆರೆದು ಪುಸ್ತಕವನ್ನು ಊಟದ ಮೇಜಿನ ಮೇಲಿಟ್ಟು ಅವನ ಮುಖ ನೋಡುತ್ತ ಕೂತೆ. ಅವನು ಅದರ ಮೇಲೆ ಬಿಸಿ ಪಾತ್ರೆ ಇಟ್ಟು, "ಒಳ್ಳೇದಾಯ್ತು, ಮೇಜು ಸುಡಲ್ಲ," ಎಂದ.

ಅವನು ನನಗೆ ಆಗಾಗ ಎಳ್ಳೆಣ್ಣೆ ಶುಂಠಿ ಹಾಕಿ ಕೋಳಿ ಸೂಪು ಮಾಡುತ್ತಾನೆ. ವಿಷವಿದ್ದರೆ ಎಂದು, "ಮೊದಲು ನೀನು ಕುಡಿ," ಎನ್ನತೊಡಗಿದೆ. ಅದನ್ನವನು ಪ್ರೀತಿಯೆಂದು ತಿಳಿದ. ಕಣ್ಣು ತುಂಬಿಕೊಂಡು ಅರ್ಧ ಬಟ್ಟಲು ಕುಡಿದು ನನ್ನ ಕಡೆ ತಳ್ಳುತ್ತಿದ್ದ. ಚಳಿಗಾಲ ಮುಗಿಯುವ ಹೊತ್ತಿಗೆ ಕೊಲೆಗಾರನ ಹೊಟ್ಟೆ ಬಂದು ಪ್ಯಾಂಟಿನ ಗುಂಡಿ ಕಿತ್ತಿತು. ಅದನ್ನೂ ನಾನೇ ಹೊಲಿದೆ.

ಮತ್ತೆ ವಸಂತ ಬಂತು. ಡೊಂಗ್‌ಶಿಯ ಮೆಷೀನು ಕೆಟ್ಟಿತು. ಮೇಯ್‌ಹುಯಿಯ ಬಿಸಿಲು ಟೋಪಿ, ಮುಖಕ್ಕೆ ಮಾಸ್ಕು ಹಾಕಿಕೊಂಡು ಸ್ಕೂಟರಿನಲ್ಲಿ ವ್ಯಾನಿನ ಬೆನ್ನು ಹತ್ತಿದೆ. ದಾರಿಯಲ್ಲಿ ಅವನು ಒಂದು ಬುಟ್ಟಿ ಜಂಬುನೇರಳೆ, ಬಿಳಿ ಹೂವು ಕೊಂಡ. ಸಮುದ್ರದ ಹತ್ತಿರ, ಮನೆಗಳ ಮುಂದೆಲ್ಲ ಸಿಂಪಿ ಚಿಪ್ಪಿನ ಗುಡ್ಡೆ ಬಿದ್ದಿರುವ ಒಂದು ಓಣಿಯಲ್ಲಿ ವ್ಯಾನು ನಿಂತಿತು. ಬಾಗಿಲಲ್ಲಿ ಕೂತು ಸಿಂಪಿ ಬಿಡಿಸುತ್ತಿದ್ದ ಮುದುಕಿಯೊಬ್ಬಳು ತಲೆಯೆತ್ತಿ ನಕ್ಕಳು.

"ಅಳಿಯಂದ್ರು ಬಂದ್ರಾ! ಬನ್ನಿ ಬನ್ನಿ. ಬೆಳಗ್ಗಿಂದ ಕಾಯ್ತಿದಾಳೆ."

ಅಳಿಯಂದಿರಂತೆ. ನನ್ನ ಕೊಲೆ ಕೈತಪ್ಪಿ ಹೋಯಿತು. ಸ್ಕೂಟರಿಗೆ ಸ್ಟ್ಯಾಂಡ್ ಹಾಕುವುದನ್ನೂ ಮರೆತು ಬಿಟ್ಟುಬಿಟ್ಟೆ, ಅದು ಚಿಪ್ಪಿನ ಗುಡ್ಡೆಯ ಮೇಲೆ ಮಗುಚಿತು. ನಾನು ಒಳಗೆ ನುಗ್ಗಿದೆ.

"ಎಲ್ಲಿ ಅವಳು? ಕರೀರಿ ಆಚೆಗೆ!"

ಚಿನ್‌ಫಾನ ಕೈಯಿಂದ ಬುಟ್ಟಿ ಬಿದ್ದು ಹಣ್ಣೆಲ್ಲ ಉರುಳಿದವು. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಶೂಯಿನ್... ಸ್ಕೂಟರಲ್ಲಿ ಇಷ್ಟು ದೂರ ಬಂದ್ಯಾ? ಹೆಲ್ಮೆಟ್ ಎಲ್ಲಿ?" ಎಂದ.

"ಹೆಲ್ಮೆಟ್ ಹಾಳಾಗ್ಲಿ! ನಿನ್ನ ಹೆಂಡ್ತಿ ಎಲ್ಲಿ?"

ಮುದುಕಿ ನಿಧಾನವಾಗಿ ಕೈ ಒರೆಸಿಕೊಂಡು ಎದ್ದಳು. ಅವಳಿಗೆ ಒಂದಿಷ್ಟೂ ಗಾಬರಿಯಿರಲಿಲ್ಲ. "ಓ, ಚಿಕ್ಕವಳಾ ನೀನು? ಬಾ ಮಗಳೇ, ಚಪ್ಪಲಿ ಅಲ್ಲೇ ಬಿಡು. ಅಕ್ಕ ಒಳಗಿದಾಳೆ."

ಅಡುಗೆಮನೆಯ ಪಕ್ಕದ ಪುಟ್ಟ ಕೋಣೆಯಲ್ಲಿ ಒಂದು ಮೇಜು, ಅದರ ಮೇಲೆ ಊದುಬತ್ತಿ, ಸತ್ತವರ ಆತ್ಮ ನೆಲೆಸಲೆಂದು ಹೆಸರು ಕೆತ್ತಿ ಇಡುವ ಮರದ ಫಲಕ, ಒಂದು ಫೋಟೋ. ಕಪ್ಪುಬಿಳುಪು ಫೋಟೋದಲ್ಲಿ ಕೆನ್ನೆಗೆ ಮಾತ್ರ ಗುಲಾಬಿ ಬಣ್ಣ ತೀಡಿದ್ದರು. ಹಲ್ಲು ಕಾಣದಂತೆ ನಗು ತಡೆದುಕೊಂಡ ಹುಡುಗಿ.

"ಯುಲಿಯೆನ್," ಎಂದಳು ಮುದುಕಿ. "ನನ್ನ ಮಗಳು. ಹತ್ತೊಂಬತ್ತಕ್ಕೆ ಜ್ವರ ಬಂದು ಹೋದ್ಲು. ಆಮೇಲೆ ಕನಸಲ್ಲಿ ಬಂದು ಮದುವೆ ಮಾಡು ಮದುವೆ ಮಾಡು ಅಂತ ಒಂದೇ ಕಾಟ."

ನಾನು ಗಂಡನ ಕಡೆ ತಿರುಗಿದೆ. ಅಷ್ಟು ಹೇಳಿದರೆ ನಮ್ಮವರಿಗೆ ಉಳಿದದ್ದು ತಿಳಿಯುತ್ತದೆ. ದಾರಿಯಲ್ಲಿ ಬಿದ್ದ ಕೆಂಪು ಲಕೋಟೆ ಮುಟ್ಟಬಾರದೆಂದು ನಮ್ಮಲ್ಲಿ ಮಕ್ಕಳಿಗೆ ನಡೆಯಲು ಬರುವ ಮುಂಚೆಯೇ ಹೇಳಿಕೊಡುತ್ತಾರೆ. ಮದುವೆಯಾಗದೆ ಸತ್ತ ಹುಡುಗಿಯ ಕೂದಲು, ಉಗುರು ಅದರಲ್ಲಿರುತ್ತದೆ. ಎತ್ತಿಕೊಂಡವನೇ ಅವಳಿಗೆ ಗಂಡ.

"ಎತ್ಕೊಂಡ್ಯಾ? ಕೆಂಪು ಲಕೋಟೇನಾ? ನಿನಗೆ ನಿಮ್ಮಮ್ಮ ಏನೂ ಕಲಿಸ್ಲಿಲ್ವಾ?"

"ಯಾರೋ ಬೀಳಿಸ್ಕೊಂಡಿದಾರೆ ಅಂದ್ಕೊಂಡೆ," ಎಂದ ಚಿನ್‌ಫಾ. "ವಾಪಸ್ ಕೊಡೋಣ ಅಂತ..."

ಮುದುಕಿಗೆ ನಗು ತಡೆಯಲಾಗಲಿಲ್ಲ. "ಎತ್ಕೊಂಡು ‘ಯಾರ್ದಪ್ಪಾ ಇದು, ಯಾರ್ದಪ್ಪಾ ಇದು’ ಅಂತ ಬೀದಿ ಉದ್ದಕ್ಕೂ ಕೂಗ್ತಾ ಬಂದ್ರು! ನಾವು ಬೆಳಗ್ಗಿಂದ ಪೊದೆ ಹಿಂದೆ ಸೊಳ್ಳೆ ಕಚ್ಚಿಸ್ಕೊಂಡು ಕೂತಿದ್ವಿ. ಅದಕ್ಕೂ ಮುಂಚೆ ಒಬ್ಬ ಕುಡುಕ ಎತ್ಕೊಳ್ಳೋಕೆ ಬಗ್ಗಿದ್ದ, ನಾನೇ ಕಲ್ಲು ಹೊಡ್ದು ಓಡಿಸ್ದೆ. ಇಂಥ ಹುಡುಗ ಸಿಕ್ರೆ ಬಿಡೋದುಂಟಾ?"

ನನಗೂ ನಗು ಬಂತು. ಆಗ ಇಪ್ಪತ್ತರ ಹುಡುಗ, ಕಡ್ಡಾಯ ಸೇನಾ ತರಬೇತಿಯಿಂದ ರಜೆಗೆ ಬಂದವನು, ಕಳೆದುಹೋದ ಲಕೋಟೆಗೆ ವಾರಸುದಾರರನ್ನು ಹುಡುಕಲು ಹೋಗಿ ಹೆಂಡತಿಯನ್ನು ಪಡೆದ. ಇವನು ಬಿಟ್ಟರೆ ಈ ದ್ವೀಪದಲ್ಲಿ ಇನ್ನಾರೂ ಹಾಗೆ ಸಿಕ್ಕಿಬೀಳುತ್ತಿರಲಿಲ್ಲ. ನಗುತ್ತ ನಗುತ್ತ ನನಗೆ ಸಿಟ್ಟು ಬಂತು.

"ನನಗ್ಯಾಕೆ ಹೇಳ್ಲಿಲ್ಲ? ಇಪ್ಪತ್ಮೂರು ವರ್ಷ! ಸತ್ತೋಳ ಮೇಲೆ ನಾನು ಜಗಳಕ್ಕೆ ಹೋಗ್ತಿದ್ನಾ?"

ಅವನು ಫಲಕದ ಮೇಲೆ ಬಿದ್ದಿದ್ದ ಊದುಬತ್ತಿಯ ಬೂದಿ ಒರೆಸಿದ. ಮುದುಕಿಯ ನಗುವೂ ನಿಂತಿತು.

"ಮೊದಲು ಅವಳು ನಮ್ಮಮ್ಮನ ಮನೇಲೇ ಇದ್ಲು," ಎಂದ. "ನಿನ್ನ ನೋಡಿದ ಮೇಲೆ, ಮದುವೆಯಾಗ್ಲಾ ಅಂತ ಅವಳ ಒಪ್ಪಿಗೆ ಕೇಳ್ದೆ. ಕೊಡ್ಲಿಲ್ಲ. ನನಗೆ ನಿನ್ನ ಬಿಡೋಕಾಗ್ಲಿಲ್ಲ. ಅವಳ ಫಲಕ ತಂದು ಇಲ್ಲಿಟ್ಟು ನಿನ್ನ ಮದುವೆಯಾದೆ. ಆವತ್ತಿಂದ ವರ್ಷವರ್ಷ ಬಂದು ಕೇಳ್ತೀನಿ. ಒಂದ್ಸಲಾನೂ ಹೂಂ ಅಂದಿಲ್ಲ."

"ಅನ್ನದಿದ್ರೆ ಏನಾಯ್ತು?"

"ಆಮೇಲೆ ಮಗು..." ಎಂದ.

ನಮಗೊಂದು ಮಗು ಆಗುವುದಿತ್ತು. ಮದುವೆಯಾದ ಮರುವರ್ಷ, ಐದನೇ ತಿಂಗಳಲ್ಲಿ ಹೋಯಿತು. ಇನ್ನೊಂದು ನಿಲ್ಲಲಿಲ್ಲ. ಆ ಮಾತನ್ನು ನಾವಿಬ್ಬರೂ ಎತ್ತುವುದಿಲ್ಲ. ಎಳ್ಳೆಣ್ಣೆ ಕೋಳಿ ಸೂಪು ನಮ್ಮಲ್ಲಿ ಬಾಣಂತಿಗೆ ಕೊಡುವ ಸೂಪು. ಆಗ ಮಾಡಲು ಶುರು ಮಾಡಿದವನು ಇವತ್ತಿಗೂ ನಿಲ್ಲಿಸಿಲ್ಲ ಎಂಬುದನ್ನು ನಾನು ಯಾವತ್ತೂ ಯೋಚಿಸಿಯೇ ಇರಲಿಲ್ಲ.

"ಅವಳ ಮುನಿಸಿಂದ ಹೋಯ್ತೇನೋ. ಅಂದ್ರೆ ನನ್ನಿಂದ. ನಾನು ಹಟ ಮಾಡಿ ನಿನ್ನ ಮದುವೆಯಾಗಿದ್ದಕ್ಕೆ ನಿನಗೆ ಹಿಂಗಾಯ್ತು. ಇದನ್ನ ಹೆಂಗೆ ಹೇಳ್ಲಿ ನಿನಗೆ?"

ಅವನಿಗೆ ಎರಡು ಬಾರಿಸಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆನ್ನಿಸಿತು. ಎರಡನ್ನೂ ಮಾಡಲಿಲ್ಲ. ಫಲಕದ ಮುಂದಿದ್ದ ಅರ್ಧಚಂದ್ರದಂಥ ಎರಡು ಕೆಂಪು ಮರದ ತುಂಡುಗಳನ್ನು ಎತ್ತಿಕೊಂಡೆ. ಒಂದು ಬದಿ ಚಪ್ಪಟೆ, ಒಂದು ಬದಿ ಉಬ್ಬು. ಸತ್ತವರನ್ನು ಏನಾದರೂ ಕೇಳಿ ನೆಲಕ್ಕೆ ಹಾಕಿದಾಗ ಒಂದು ಚಪ್ಪಟೆ ಒಂದು ಉಬ್ಬು ಮೇಲಾದರೆ ಹೂಂ. ಎರಡೂ ಉಬ್ಬಾದರೆ ಉಹೂಂ. ಎರಡೂ ಚಪ್ಪಟೆಯಾದರೆ ಅವರು ನಗುತ್ತಿದ್ದಾರೆ ಎಂದರ್ಥ.

"ಬೇಡ ಶೂಯಿನ್," ಎಂದ ಚಿನ್‌ಫಾ. "ಕೇಳ್ಬೇಡ. ಹೂಂ ಅಂದ್ಬಿಟ್ರೆ?"

ಮಂಡಿಯೂರಿ ಫೋಟೋ ಕಡೆ ನೋಡಿದೆ. "ಅಕ್ಕಾ, ನಾನು ಶೂಯಿನ್. ನಿನ್ನ ಕೇಳ್ದೆ ಬಂದವಳು. ನಮ್ಮ ಮಗೂನ ನೀನು ತಗೊಂಡ್ಯಾ?"

ಟಕ್ಕೆಂದು ಬಿದ್ದವು. ಎರಡೂ ಉಬ್ಬು. ಮತ್ತೆ ಹಾಕಿದೆ. ಎರಡೂ ಉಬ್ಬು. ಮೂರನೇ ಸಲ ಒಂದು ತುಂಡು ಅಂಚಿನ ಮೇಲೆ ನಿಂತು ಓಲಾಡಿತು. ಅದೂ ಉಬ್ಬು ಮೇಲಾಗಿ ಮಲಗಿತು.

ಇಷ್ಟು ವರ್ಷ ‘ಉಹೂಂ’ ಕೇಳಿ ತಲೆ ತಗ್ಗಿಸಿಕೊಂಡು ಮನೆಗೆ ಬರುತ್ತಿದ್ದವನು ಈ ಉಹೂಂಗೆ ನೆಲದ ಮೇಲೆ ಕುಸಿದು ಕೂತ. ಗೋಳೋ ಎಂದು ಅತ್ತ. ನಾನೂ ಅತ್ತೆ, ಸುಳ್ಳೇಕೆ. ಮುದುಕಿ ಸಿಂಪಿ ವಾಸನೆಯ ಟವೆಲನ್ನು ಇಬ್ಬರಿಗೂ ಸರದಿಯಂತೆ ಕೊಟ್ಟಳು.

ಮುಖ ಒರೆಸಿಕೊಂಡ ಮೇಲೆ ಅವನಿಗೆ ಧೈರ್ಯ ಬಂತು. "ಹಂಗೇ ಒಪ್ಪಿಗೇನೂ ಕೇಳಿಬಿಡು ಮತ್ತೆ."

"ಯಾವ ಬಾಯಲ್ಲಿ ಕೇಳ್ಲಿ? ಕೈ ಹಿಡಿದೋಳನ್ನ ತವರಿಗೆ ತಂದು ಬಿಟ್ಟೆ. ತವರಿನ ಹಿರಿಯರ ಪೂಜಾ ಪೀಠದಲ್ಲಿ ಹೆಣ್ಣುಮಕ್ಕಳಿಗೆ ಜಾಗ ಇಲ್ಲ, ಅಡುಗೆಮನೆ ಪಕ್ಕ ಕೂತಿದಾಳೆ. ನೀನು ವರ್ಷಕ್ಕೊಂದು ಲಂಗ ತಂದು, ಇನ್ನೊಬ್ಬಳಿಗೆ ಒಪ್ಪಿಗೆ ಕೊಡು ಅಂತೀಯ. ಯಾವಳು ಕೊಡ್ತಾಳೆ? ನಾನಾಗಿದ್ರೆ ಈ ತುಂಡುಗಳು ನಿನ್ನ ಹಣೆಗೇ ಬೀಳ್ತಿದ್ವು."

"ನೋಡಿದ್ಯಾ, ಹೆಂಗಸು ಬಂದು ಹೇಳ್ಬೇಕಾಯ್ತು," ಎಂದಳು ಮುದುಕಿ ಫೋಟೋದ ಕಡೆ ತಿರುಗಿ.

ನಾನು ಇನ್ನೊಮ್ಮೆ ಮಂಡಿಯೂರಿದೆ. "ಅಕ್ಕಾ, ಮನೆಗೆ ಬರ್ತೀಯಾ?"

ಒಂದು ಚಪ್ಪಟೆ, ಒಂದು ಉಬ್ಬು. ಮೊದಲನೇ ಸಲಕ್ಕೇ.

ಮುದುಕಿ ಫಲಕವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ನನ್ನ ಮಡಿಲಲ್ಲಿಟ್ಟಳು. ಹೆಣ್ಣು ಕಳಿಸಿಕೊಡುವಾಗ ಅಳಬಾರದೆಂದು ತುಟಿ ಕಚ್ಚಿಕೊಂಡಿದ್ದಳು. ಮಗಳಿಗೆ ಬಿಸಿಲು ತಾಗದ ಹಾಗೆ ಕಪ್ಪು ಛತ್ರಿ ಕೊಟ್ಟಳು. "ಸೇತುವೆ ಬಂದಾಗೆಲ್ಲ ಹೇಳ್ಬೇಕು ಮಗಳೇ. ಇಲ್ದಿದ್ರೆ ದಾರಿ ತಪ್ಪಿ ಆಚೆ ದಡದಲ್ಲೇ ಉಳ್ಕೊಂಡ್ಬಿಡ್ತಾಳೆ." ಸ್ಕೂಟರನ್ನು ವ್ಯಾನಿನ ಹಿಂಭಾಗದಲ್ಲಿ ಸಿಲಿಂಡರುಗಳ ಪಕ್ಕ ಮಲಗಿಸಿ ಹೊರಟೆವು. ವ್ಯಾನಿನೊಳಗೆ ಅರ್ಧ ಬಿಚ್ಚಿದ ಛತ್ರಿಯ ಕಡ್ಡಿ ಚಿನ್‌ಫಾನ ಕಿವಿಗೆ ಚುಚ್ಚುತ್ತಲೇ ಇತ್ತು. ಅವನು ತಲೆ ವಾಲಿಸಿಕೊಂಡೇ ಓಡಿಸಿದ.

ಮೊದಲ ಸೇತುವೆಗೆ ನಾನೇ ಕೂಗಿದೆ. "ಅಕ್ಕಾ, ಸೇತುವೆ ಬಂತು, ಜೊತೆಗೇ ಬಾ." ಎರಡನೆಯದು ಬಂದಾಗ ನಾನು ಜಾರುತ್ತಿದ್ದ ಛತ್ರಿ ಹಿಡಿಯುತ್ತಿದ್ದೆ. ಆಗ ಅವನ ದನಿ ಕೇಳಿತು.

"ಯುಲಿಯೆನ್, ಸೇತುವೆ. ಹೆದರ್ಬೇಡ, ನಾನಿದೀನಿ."

ನನ್ನ ಹೆಸರನ್ನು ಅವನು ಅಷ್ಟು ಮೆತ್ತಗೆ ಕರೆದದ್ದು ನನಗೆ ನೆನಪಿಲ್ಲ. ಎದೆಯೊಳಗೆ ಚುರ್ರೆಂದಿತು. ಕೊಲೆಗಾರನೂ ಅಲ್ಲ, ಪೂರ್ತಿ ನನ್ನವನೂ ಅಲ್ಲ.

"ಯಾಕೆ, ಮುಖ ಹಂಗಾಯ್ತು?" ಎಂದ.

"ಏನಿಲ್ಲ. ರಸ್ತೆ ನೋಡ್ಕೊಂಡು ಓಡ್ಸು. ಇಬ್ಬರು ಹೆಂಡ್ರಿದೀವಿ ಗಾಡೀಲಿ."

ನನಗೆ ಐವತ್ತೆರಡು, ಆಕೆಗೆ ಹತ್ತೊಂಬತ್ತು. ಪಶ್ಚಿಮದ ಬಿಸಿಲು ಗಾಜಿನಿಂದ ಒಳಗೆ ಬರುತ್ತಿತ್ತು. ನಾನು ಛತ್ರಿಯನ್ನು ಅವಳ ಕಡೆಗೆ ಇನ್ನಷ್ಟು ವಾಲಿಸಿದೆ.