ತಣ್ಣೀರಲ್ಲಿ ನೆನೆಸಿದ ಅಂಗಿ

ಬಕೆಟ್ಟಿನ ತಣ್ಣೀರಿಗೆ ಒಂದು ಹಿಡಿ ಉಪ್ಪು ಹಾಕಿ, ಅದು ಕರಗುವ ತನಕ ಕೈಯಾಡಿಸಿ, ಅವಳು ಗಂಡನ ಅಂಗಿಯನ್ನು ಬೆನ್ನಿನ ಭಾಗ ಕೆಳಗಾಗುವಂತೆ ಮೆಲ್ಲಗೆ ಮುಳುಗಿಸಿದಳು. ನೀರು ಮೊದಲು ಚಹಾದ ಬಣ್ಣಕ್ಕೆ ತಿರುಗಿತು, ಆಮೇಲೆ ಇಟ್ಟಿಗೆಯ ಬಣ್ಣಕ್ಕೆ. ಬಚ್ಚಲ ಬಾಗಿಲಲ್ಲಿ ನಿಂತಿದ್ದ ಅತ್ತೆ ಅದನ್ನು ನೋಡಿದರು, ಸೊಸೆಯ ಮುಖವನ್ನೂ ನೋಡಿದರು. ಆ ನೀರನ್ನು ಚೆಲ್ಲಿ, ಹೊಸದು ತುಂಬಿಸಿ, ಅವಳು ಎರಡನೆಯ ಸಲ ಉಪ್ಪು ಹಾಕಿದಳು.

ಕಲೆ ತೆಗೆಯುವುದೇ ಅವಳ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಲಾಂಡ್ರಿ ಸೇರಿದವಳು. ಶಾಯಿ, ಎಣ್ಣೆ, ತುಕ್ಕು, ಬಣ್ಣ, ಯಾವುದಕ್ಕೆ ಯಾವ ಮದ್ದು ಎಂದು ಈಗ ಮಾಲೀಕರೇ ಅವಳನ್ನು ಕೇಳುತ್ತಿದ್ದರು. ಗಂಡ ತಮಾಷೆಗೆ ‘ಕಲೆ ಡಾಕ್ಟ್ರೇ’ ಎಂದು ಕರೆಯುತ್ತಿದ್ದ. ರಕ್ತಕ್ಕೆ ಬಿಸಿನೀರು ಸೋಕಿಸಬಾರದು, ಸೋಕಿಸಿದರೆ ಅದು ನೂಲಿನೊಳಗೇ ಮನೆಮಾಡುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಅಂಗಿಯನ್ನು ತೊಳೆಯಲೇ ಬೇಡ ಎಂದು ಮಾತ್ರ ಒಬ್ಬಳು ಹೇಳಿಹೋಗಿದ್ದಳು. ಅದಕ್ಕೇ ತೊಳೆಯುತ್ತಿದ್ದಳು.

ಹೇಳಿಹೋದವಳು ಲಾಯರಮ್ಮ. ಇವಳ ಗಂಡ ಲೇತ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮುಷ್ಕರದ ನಾಲ್ಕನೇ ವಾರ ಗೋದಾಮಿಗೆ ಬೆಂಕಿ ಬಿತ್ತು. ಮರುದಿನ ಬೆಳಗ್ಗೆ ಪೊಲೀಸರು ಬಂದು ಅವನನ್ನು ಕರೆದೊಯ್ದರು. ಅಂದಿನಿಂದ ಹನ್ನೊಂದು ದಿನ ಮನೆಯವರಿಗೆ ಅವನ ಮುಖ ಕಂಡಿಲ್ಲ. ಮೂರು ದಿನಕ್ಕೊಮ್ಮೆ ಠಾಣೆಯ ಕಿಟಕಿಯಲ್ಲಿ ಒಗೆದ ಒಂದು ಜೊತೆ ಬಟ್ಟೆ ಒಳಗೆ ಹೋಗುತ್ತಿತ್ತು, ಮಾಸಿದ ಜೊತೆ ಹೊರಗೆ ಬರುತ್ತಿತ್ತು, ಅಷ್ಟೇ. ಕಾರ್ಮಿಕ ಸಂಘದ ವಕೀಲೆಯಾದ ಲಾಯರಮ್ಮನೂ ಐದು ಸಲ ಹೋಗಿ ಬೆಂಚು ಬಿಸಿ ಮಾಡಿ ಬಂದಿದ್ದಳು. ಅವನಿಗೇ ವಕೀಲರು ಬೇಡವಂತೆ ಎಂದು ಅವನ ಸಹಿಯಿದ್ದ ಕಾಗದ ತೋರಿಸಿ ಅವಳನ್ನು ಸಾಗಹಾಕಿದ್ದರು. ನಿನ್ನೆ ಅವಳು ಮನೆಗೆ ಬಂದು, ನಾಳೆ ಬರುವ ಬಟ್ಟೆಯನ್ನು ಕೊಡವಲೂ ಬೇಡಿ, ಹಾಗೇ ಕಾಗದದಲ್ಲಿ ಸುತ್ತಿಡಿ, ನಾಡಿದ್ದು ಜಡ್ಜ್ ಮುಂದೆ ನಮಗಿರುವ ಬಾಯಿ ಅದೊಂದೇ ಎಂದು ಬಿಡಿಸಿ ಹೇಳಿದ್ದಳು. ಅವನನ್ನು ಡಾಕ್ಟರಿಗೆ ತೋರಿಸಿ, ವಕೀಲರನ್ನು ಒಳಗೆ ಬಿಡಿ ಎಂದು ಕೇಳಲು ಏನಾದರೂ ಕೈಯಲ್ಲಿರಬೇಕು. ಇಲ್ಲದಿದ್ದರೆ ಇನ್ನಷ್ಟು ದಿನ ಅವನು ಅವರ ಕೈಯಲ್ಲೇ.

ಇಷ್ಟನ್ನೂ ಇವಳು ತಲೆಯಾಡಿಸುತ್ತ ಕೇಳಿದ್ದಳು. ಹೊರಡುವಾಗ ಚಪ್ಪಲಿ ಮೆಟ್ಟುತ್ತ ಲಾಯರಮ್ಮ ಅಂದ ಒಂದು ಮಾತು ಮಾತ್ರ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿಯಿತು. “ಎಡಮಗ್ಗುಲಿಗೆ ಮಲಗಿದ್ರೆ ಅವರಿಗೆ ಉಸಿರು ಕಟ್ಟುತ್ತೆ ಅಲ್ವಾ? ಒಳಗೆ ಹೇಗೆ ಮಲಗ್ತಿದಾರೋ.”

ಅದು ಲಾಯರಮ್ಮನಿಗೆ ಹೇಗೆ ಗೊತ್ತು? ಆರು ವರ್ಷ ಅವನನ್ನು ನಿದ್ದೆಯಲ್ಲೇ ಬಲಕ್ಕೆ ಹೊರಳಿಸಿದ ಕೈ ತನ್ನದು. ಮುಷ್ಕರದ ಟೆಂಟಿನಲ್ಲಿ ಐವತ್ತು ಜನರ ನಡುವೆ ಯಾರೋ ಹೇಳಿರಬಹುದು, ಅವನೇ ಕೆಮ್ಮುತ್ತ ಹೇಳಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಸಮಾಧಾನ ನಿಲ್ಲಲಿಲ್ಲ. ಈ ಮುಷ್ಕರ ಶುರುವಾದ ಮೇಲೆ ಅವನು ಸಭೆಗೆ ಹೋಗುವಾಗ ತಲೆ ಬಾಚತೊಡಗಿದ್ದ. ಬಂದು ಊಟಕ್ಕೆ ಕುಳಿತರೆ ಮೇಡಂ ಹೀಗಂದ್ರು, ಮೇಡಂ ಹಾಗಂದ್ರು. ಓದದೆ ಎಲ್ಲೂ ಸಹಿ ಹಾಕಬಾರದು ಎಂದು ಮೇಡಂ ಹೇಳಿದ್ದಾರೆಂದು ಲಾಂಡ್ರಿಯ ಚೀಟಿಯನ್ನೂ ಓದಿಸಿದ್ದ. ಪೊಲೀಸರು ತೋಳು ಹಿಡಿದು ಮೆಟ್ಟಿಲಿಳಿಸುವಾಗ ತಿರುಗಿ ಇವಳಿಗೆ ಹೇಳಿದ್ದು ಎರಡೇ ಪದ: “ಮೇಡಂಗೆ ಹೇಳು.” ಹುಷಾರು ಅನ್ನಲಿಲ್ಲ, ಬರ್ತೀನಿ ಅನ್ನಲಿಲ್ಲ.

ಈ ಬೆಳಗ್ಗೆ ಚೀಲ ಬಿಚ್ಚಿದಾಗ ಅಂಗಿ ಇನ್ನೂ ಅವನ ಮೈಯ ವಾಸನೆ ಹೊತ್ತಿತ್ತು. ಇದನ್ನೂ ಲಾಯರಮ್ಮನ ಕೈಗೆ ಕೊಡಬೇಕು. ಅವಳು ಹರವಿ ನೋಡಬೇಕು, ಮುಟ್ಟಬೇಕು. ಅವನ ಬೆನ್ನು ಅಲ್ಲಿ ಹೇಗಿದೆಯೆಂದು ಮೊದಲು ಅವಳೇ ತಿಳಿಯಬೇಕು. ಆ ಗಳಿಗೆಯಲ್ಲಿ ಇವಳಿಗೆ ಕೋರ್ಟು ನೆನಪಾಗಲಿಲ್ಲ.

ಅಂಗಿ ಹಗ್ಗದ ಮೇಲೆ ಬೆಳ್ಳಗೆ ಆಡತೊಡಗಿದಾಗ ಅತ್ತೆ ಬಾಯಿ ತೆರೆದರು. “ನಿನ್ನ ಹೊಟ್ಟೆ ಉರಿಗೆ ನನ್ನ ಮಗನ ಬೆನ್ನೇ ಬೇಕಾಯ್ತಾ?”

ಅವಳು ಬಕೆಟ್ಟು ಬೋರಲು ಹಾಕಿದಳು. ಕೈಯ ಚರ್ಮ ನೆನೆದು ಸುಕ್ಕಾಗಿತ್ತು. ನಾಳೆಯ ಕೋರ್ಟು ಈಗ ನೆನಪಾಯಿತು.

ಮಧ್ಯಾಹ್ನ ಲಾಯರಮ್ಮ ಬಂದಳು. ಹಗ್ಗದ ಕಡೆ ನೋಡಿದವಳೇ ನಿಂತುಬಿಟ್ಟಳು. ಬೈಯುತ್ತಾಳೆಂದು ಇವಳು ಕಾದಳು. ಬೈದರೆ ತಾನೂ ನಾಲ್ಕು ಮಾತು ಆಡಬಹುದಿತ್ತು. ಲಾಯರಮ್ಮ ಬೈಯಲಿಲ್ಲ. ಹೊಸ್ತಿಲ ಮೇಲೇ ಕುಸಿದು ಕುಳಿತು, ಬಹಳ ಹೊತ್ತು ತನ್ನ ಚೀಲದ ದಾರ ಸುತ್ತುತ್ತ ಬಿಚ್ಚುತ್ತ ಇದ್ದಳು. ಹತ್ತಿರದಿಂದ ನೋಡಿದರೆ ಅವಳ ಕಣ್ಣಿನ ಕೆಳಗೂ ನಿದ್ದೆಗೆಟ್ಟ ಕಪ್ಪಿತ್ತು.

“ನಿಮಗೆ ಬಟ್ಟೆನಾದ್ರೂ ಬರುತ್ತೆ,” ಎಂದಳು ಕೊನೆಗೆ. “ಐದು ಸಲ ಹೋದೆ. ಒಳಗೆ ಅವರು ಇದಾರೆ ಅನ್ನೋಕೂ ನನ್ನ ಹತ್ರ ಏನೂ ಇಲ್ಲ.”

ಆ ದನಿಯಲ್ಲಿದ್ದದ್ದನ್ನು ಇವಳು ಚೆನ್ನಾಗಿ ಬಲ್ಲಳು. ಈ ಒಂದೂವರೆ ತಿಂಗಳು ಅದನ್ನೇ ತಾನೂ ಹೊಟ್ಟೆಯಲ್ಲಿ ಸಾಕಿಕೊಂಡು ಬಂದಿದ್ದಳು. ಗುರುತು ಹಿಡಿದದ್ದರಿಂದ ಅವಳ ಮೇಲೆ ಪ್ರೀತಿಯೇನೂ ಹುಟ್ಟಲಿಲ್ಲ, ಇನ್ನಷ್ಟು ಉರಿಯೇ ಆಯಿತು. ಆದರೂ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು.

“ನಾಲ್ಕು ಪಟ್ಟೆ ಇತ್ತು.”

ಲಾಯರಮ್ಮ ತಲೆಯೆತ್ತಿದಳು. ಇವಳು ಹಗ್ಗದಿಂದ ಅಂಗಿ ತೆಗೆದು ನೆಲದ ಮೇಲೆ ಹರವಿ, ಲಾಂಡ್ರಿಯಲ್ಲಿ ಹೊಸಬರಿಗೆ ತೋರಿಸುವ ಹಾಗೆ ಬೆರಳಿಟ್ಟು ತೋರಿಸಿದಳು. ಬಲಭುಜದಿಂದ ಎಡಸೊಂಟಕ್ಕೆ ಓರೆಯಾಗಿ, ಹೆಬ್ಬೆರಳ ಅಗಲ. ಒಳಮೈಯಲ್ಲಿ ಗಾಢ, ಹೊರಮೈಯಲ್ಲಿ ತೆಳು. ಅಂದರೆ ಒಳಗಿನಿಂದ ಬಂದದ್ದು. ಎರಡು ಪಟ್ಟೆ ಮೊದಲ ನೀರಿಗೇ ಬಿಟ್ಟವು. ಇನ್ನೆರಡು ಕಂದಿ ಗಟ್ಟಿಯಾಗಿದ್ದವು, ಎರಡನೇ ನೀರಿಗೂ ಸುಲಭಕ್ಕೆ ಬಿಡಲಿಲ್ಲ. ಅವು ಕಡಿಮೆಯೆಂದರೂ ಎರಡು ದಿನ ಹಳೆಯವು. ಬಟ್ಟೆ ಎಲ್ಲೂ ಹರಿದಿರಲಿಲ್ಲ.

ಲಾಯರಮ್ಮ ಬರೆದುಕೊಳ್ಳುತ್ತಿದ್ದಳು. “ಇದನ್ನ ನಾಳೆ ನೀವೇ ಹೇಳ್ಬೇಕು. ಗೊತ್ತಿದ್ದೂ ಯಾಕೆ ತೊಳೆದ್ರಿ ಅಂತ ಕೇಳೇ ಕೇಳ್ತಾರೆ. ಇದ್ದದ್ದನ್ನ ಹೇಳಿ. ಒಂದು ಸುಳ್ಳು ಸಿಕ್ಕಿದ್ರೆ ಉಳಿದಿದ್ದೂ ಹೋಗುತ್ತೆ.” ಯಾಕೆ ತೊಳೆದಳೆಂದು ತಾನು ಮಾತ್ರ ಕೇಳಲಿಲ್ಲ.

ಕೋರ್ಟಿನ ಕೋಣೆ ಅವಳೆಣಿಸಿದ್ದಕ್ಕಿಂತ ಚಿಕ್ಕದಾಗಿತ್ತು. ಅವನನ್ನು ಅಲ್ಲಿಗೆ ಕರೆತಂದಿರಲಿಲ್ಲ. ಫ್ಯಾನಿನ ಸದ್ದಿಗೆ ಅರ್ಧ ಮಾತು ಕೇಳುತ್ತಿರಲಿಲ್ಲ. ಪೊಲೀಸರ ಪರ ವಕೀಲರು ಆರೋಪಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಾನೆ, ಅಷ್ಟೇ, ಈ ಹೆಂಗಸು ತೊಳೆದುಹಾಕಿದ ಅಂಗಿಯ ಕಥೆ ಕಟ್ಟುತ್ತಿದ್ದಾಳೆ ಎಂದರು. ಜಡ್ಜ್ ಅವಳ ಕಡೆ ತಿರುಗಿದರು. ಜನರ ಮುಂದೆ ತನ್ನ ಹೆಸರು ಹೇಳಲೂ ನಾಚುತ್ತಿದ್ದವಳು, ಕಲೆಯ ಮಾತು ಬಂದದ್ದೇ ತಡ, ತಡವರಿಸದೆ ಹೇಳಿದಳು.

“ಬಿದ್ದವರ ಬಟ್ಟೆಗೆ ಮಣ್ಣು ಹತ್ತುತ್ತೆ ಸ್ವಾಮಿ, ಇಲ್ಲಾ ಪಾಚಿ ಹತ್ತುತ್ತೆ. ಪಾಚಿಯ ಕಲೆ ಬೇರೆ, ಉಪ್ಪಿಗೆ ಬಿಡೋದಿಲ್ಲ. ಇದರಲ್ಲಿ ಅದು ಒಂದು ಚುಕ್ಕೆನೂ ಇರಲಿಲ್ಲ. ಮತ್ತೆ ಒಂದು ಸಲ ಬಿದ್ದೋರಿಗೆ ಎರಡು ದಿನದ ರಕ್ತ ಎಲ್ಲಿಂದ ಬರುತ್ತೆ?”

ಜಡ್ಜ್ ಏನೋ ಬರೆದುಕೊಂಡು ಕೇಳಿದರು. “ಇಷ್ಟೆಲ್ಲ ತಿಳಿದವರು ಯಾಕೆ ತೊಳೆದ್ರಿ?”

ಅಭ್ಯಾಸ ಬಲ ಎನ್ನಬಹುದಿತ್ತು. ಯಾರೂ ಅನುಮಾನಿಸುತ್ತಿರಲಿಲ್ಲ. ಪಕ್ಕದಲ್ಲಿ ಲಾಯರಮ್ಮ ಪೆನ್ನು ಹಿಡಿದು ನಿಂತಿದ್ದಳು. ಇವಳು ನೆಲ ನೋಡುತ್ತ ಹೇಳಿದಳು.

“ಹೊಟ್ಟೆಕಿಚ್ಚಿಗೆ ಸ್ವಾಮಿ. ಲಾಯರಮ್ಮ ಕೇಳಿದ್ರು, ಅವರ ಕೈಗೆ ಕೊಡೋಕೆ ಮನಸ್ಸು ಬರಲಿಲ್ಲ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ಆಮೇಲೆ ಇಬ್ಬರು. ಅವಳ ಕಿವಿಯ ತುದಿ ಕಾದ ಇಸ್ತ್ರಿಯಾಯಿತು. ಲಾಯರಮ್ಮ ತಿರುಗಿ ನೋಡಲಿಲ್ಲ. ಹಾಳೆಯ ಮೇಲೆ ಪೆನ್ನು ನಿಂತ ಕಡೆ ಶಾಯಿ ಚುಕ್ಕೆಯಾಗಿ ಹರಡುತ್ತಿತ್ತು. ಜಡ್ಜ್ ನಗಲಿಲ್ಲ. ಸುಳ್ಳು ಹೇಳುವವರು ತಮಗೆ ಇಂಥ ಕಾರಣ ಆರಿಸಿಕೊಳ್ಳುವುದಿಲ್ಲ ಎಂದಷ್ಟೇ ಹೇಳಿ ಆದೇಶ ಓದಿದರು. ಇವತ್ತೇ ಸಂಜೆಯೊಳಗೆ ಸರ್ಕಾರಿ ಡಾಕ್ಟರು ಅವನನ್ನು ಪರೀಕ್ಷಿಸಬೇಕು. ವಕೀಲರು ಒಂದು ಗಂಟೆ ಅವನ ಜೊತೆ ಮಾತಾಡಬಹುದು, ಪೊಲೀಸರ ಕಿವಿ ಅಲ್ಲಿರಬಾರದು. ಮನೆಯವರ ಭೇಟಿಯ ವಿಷಯ ಮುಂದಿನ ವಾರ.

ನಾಲ್ಕು ಗಂಟೆಗೆ ಅವರಿಬ್ಬರೂ ಠಾಣೆಯ ಬೆಂಚಿನ ಮೇಲೆ ಪಕ್ಕಪಕ್ಕದಲ್ಲಿ ಕುಳಿತಿದ್ದರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಡಾಕ್ಟರು ಆಗಲೇ ಒಳಗೆ ಹೋಗಿ ಅರ್ಧ ಗಂಟೆಯಾಗಿತ್ತು. ಕಾನ್‌ಸ್ಟೆಬಲ್ ಬಂದು ವಕೀಲರು ಬರಬಹುದು ಎಂದಾಗ ಲಾಯರಮ್ಮ ಎದ್ದು, ಎರಡು ಹೆಜ್ಜೆ ಹೋಗಿ, ಮತ್ತೆ ಹಿಂದಿರುಗಿದಳು.

“ಅವರಿಗೆ ಏನಾದ್ರೂ ಹೇಳ್ಬೇಕಾ?”

ಹೇಳುವುದು ಬೇಕಾದಷ್ಟಿತ್ತು. ಹನ್ನೆರಡು ದಿನದಿಂದ ಅದನ್ನೇ ಮಡಚಿ ಮಡಚಿ ಇಟ್ಟಿದ್ದಳು. ಅದರಲ್ಲಿ ಒಂದನ್ನೂ ಆ ಬಾಯಿಯಿಂದ ಅವನು ಕೇಳುವುದು ಅವಳಿಗೆ ಬೇಕಿರಲಿಲ್ಲ.

“ಏನಿಲ್ಲ. ನೀವು ಹೋಗಿ, ಹೊತ್ತಾಗುತ್ತೆ.”

ಲಾಯರಮ್ಮ ಹೋದಳು. ಉದ್ದನೆಯ ಕಾರಿಡಾರಿನ ಕೊನೆಯಲ್ಲಿ ಹಸಿರು ಬಣ್ಣದ ಬಾಗಿಲು ಅವಳನ್ನು ಒಳಗೆ ಬಿಟ್ಟುಕೊಂಡು ಮುಚ್ಚಿತು. ಅದರಾಚೆ ಯಾರೋ ಕೆಮ್ಮಿದರು. ಅವನೇ. ಆ ಕೆಮ್ಮು ಅವಳಿಗೆ ಸಾವಿರ ಜನರ ನಡುವೆಯೂ ಗೊತ್ತು. ಆಮೇಲೆ ಹೆಣ್ಣು ದನಿ, ಮೆಲ್ಲಗೆ. ಆಮೇಲೆ ಏನೂ ಕೇಳಲಿಲ್ಲ.

ಅವಳು ಎದ್ದು, ಸೆರಗು ಸರಿಮಾಡಿಕೊಂಡು, ಮೇಜಿನ ಹಿಂದೆ ತಲೆ ಬಗ್ಗಿಸಿ ಬರೆಯುತ್ತಿದ್ದ ಪೇದೆಯ ಎದುರು ಹೋಗಿ ನಿಂತಳು.

“ಅಣ್ಣಾ, ಆ ಬಾಗಿಲು ಒಂಚೂರು ತೆರೆದಿಡ್ತೀರಾ? ನಾನು ಇಲ್ಲೇ ಕೂತಿರ್ತೀನಿ.”

ಪೇದೆ ಹಾಳೆ ಮಗುಚಿ, ಬರೆಯುವುದನ್ನು ಮುಂದುವರಿಸಿದ.