ಆಟದ ಮೇಲೆ ಪ್ರೀತಿ ಇದೆಯಾ?

ಹಾರ್ಲನ್ ಪಿಕ್ರೆಲ್ ಮಾಡುತ್ತಿದ್ದ ಕೆಲಸವೇನೆಂದು ಯಾರಾದರೂ ಕೇಳಿದರೆ ಅವನ ಹೆಂಡತಿ ಮಾರ್ಲಿಸ್ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು: "ನಮ್ಮೋರು ದಪ್ಪ ದಪ್ಪ ಹುಡುಗ್ರ ಹಿಂಭಾಗ ನೋಡ್ಕೊಂಡು ಊರೂರು ಸುತ್ತುತಾರೆ." ಮಾತು ಒರಟಾದರೂ ಸುಳ್ಳಲ್ಲ. ಹಾರ್ಲನ್ ಉತ್ತರದ ಚಳಿ ನಾಡಿನ ಒಂದು ವೃತ್ತಿಪರ ಫುಟ್‌ಬಾಲ್ ತಂಡದ ಸ್ಕೌಟ್, ಅಂದರೆ ಹೊಸ ಆಟಗಾರರನ್ನು ಹುಡುಕಿ ತೂಗಿ ನೋಡುವವನು. ಈ ಫುಟ್‌ಬಾಲಿನಲ್ಲಿ ಕಾಲಿಗೆ ಓಡುವ ಕೆಲಸ, ಚೆಂಡಿನ ಸಹವಾಸವೆಲ್ಲ ಕೈಗೆ. ಚೆಂಡು ಹಿಡಿದವನನ್ನು ಕೆಡವಲು ಒಂದು ದಂಡು, ಕೆಡವಲು ಬಂದವರನ್ನು ತಡೆಯಲು ಇನ್ನೊಂದು ದಂಡು. ಆ ತಡೆಯುವ ದಂಡಿನಲ್ಲಿ ನಿಲ್ಲುವ ಹುಡುಗರ ಬಲವೆಲ್ಲ ಸೊಂಟದ ಕೆಳಗೇ ಇರುತ್ತದೆ. ನೋಡದೆ ಗತಿಯಿಲ್ಲ.

ಪ್ರತಿ ವಸಂತದಲ್ಲಿ ಡ್ರಾಫ್ಟ್ ನಡೆಯುತ್ತದೆ. ಕಾಲೇಜು ಆಟ ಮುಗಿಸಿದ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಅಷ್ಟರೊಳಗೆ ಯಾವನು ಚಿನ್ನ, ಯಾವನು ಬರೀ ಪಾಲಿಶ್ ಮಾಡಿದ ಹಿತ್ತಾಳೆ ಎಂದು ಹೇಳುವುದು ಹಾರ್ಲನ್‌ನ ಹೊಣೆ. ಅವನು ಹೇಳಿದ್ದನ್ನು ಕೇಳುವ ಹೊಣೆಯನ್ನು ಮಾತ್ರ ಯಾರಿಗೂ ವಹಿಸಿರಲಿಲ್ಲ.

ಆ ವರ್ಷ ಲೂಯಿಸಿಯಾನಾದ ಒಂದು ಸಣ್ಣ ಕಾಲೇಜಿನ ಮೈದಾನದಲ್ಲಿ ಅವನ ಕಣ್ಣಿಗೆ ಒಸಾಯಾ ಗಿಡ್ರಿ ಬಿದ್ದ. ತೂಕ ಹತ್ತಿರ ಹತ್ತಿರ ಒಂದೂವರೆ ಕ್ವಿಂಟಲ್. ಅಷ್ಟು ಮೈಯನ್ನು ಹೊತ್ತ ಪಾದಗಳು ಹಾಲಿನ ಪಾತ್ರೆಯ ಪಕ್ಕ ನಡೆಯುವ ಬೆಕ್ಕಿನ ಪಾದಗಳಂತೆ ಸದ್ದಿಲ್ಲದೆ ಸರಿದಾಡುತ್ತಿದ್ದವು. ಎದುರಿಗೆ ನುಗ್ಗಿ ಬಂದವನನ್ನು ಅವನು ಹೊಡೆಯುತ್ತಿರಲಿಲ್ಲ. ಮದುವೆಮನೆಯಲ್ಲಿ ತಪ್ಪು ಪಂಕ್ತಿಗೆ ಕೂತವರನ್ನು ಎಬ್ಬಿಸುವ ಹಾಗೆ ಮೆಲ್ಲಗೆ ತೋಳು ಹಿಡಿದು ಬೇರೆ ಕಡೆ ಕಳಿಸಿಬಿಡುತ್ತಿದ್ದ. ಹಾರ್ಲನ್‌ಗೆ ಇಂಥದ್ದನ್ನು ನೋಡಿ ಬಹಳ ವರ್ಷವಾಗಿತ್ತು.

ಸಂಜೆ ಹುಡುಗನನ್ನು ಊಟಕ್ಕೆ ಕರೆದೊಯ್ದ. ಸೀಗಡಿ ಹಾಕಿದ ಗಂಬೋ ಸಾರು, ಅನ್ನ. ಎರಡನೆಯ ಬಟ್ಟಲು ಖಾಲಿಯಾದ ಮೇಲೆ, ಈ ವೃತ್ತಿಯಲ್ಲಿ ಎಲ್ಲರೂ ಕೇಳಲೇಬೇಕಾದ ಪ್ರಶ್ನೆ ಕೇಳಿದ.

"ಆಟದ ಮೇಲೆ ನಿಂಗೆ ಪ್ರೀತಿ ಇದೆಯೇನಪ್ಪಾ?"

ಒಸಾಯಾ ಚಮಚ ಕೆಳಗಿಟ್ಟು ಪ್ರಾಮಾಣಿಕವಾಗಿ ಯೋಚಿಸಿದ. ಹಾರ್ಲನ್‌ಗೆ ಆಗಲೇ ಭಯವಾಯಿತು. ಈ ಪ್ರಶ್ನೆಗೆ ಯೋಚಿಸಿ ಉತ್ತರ ಕೊಟ್ಟವರನ್ನು ಅವನು ಇದುವರೆಗೆ ಕಂಡಿರಲಿಲ್ಲ.

"ಪ್ರೀತಿ ಅಂದ್ರೆ... ಇಲ್ಲ ಸಾರ್. ಚೆನ್ನಾಗಿ ಆಡೋಕೆ ಬರುತ್ತೆ, ಆಡ್ತೀನಿ."

"ಅಷ್ಟೇನಾ?"

"ನಮ್ಮ ಚಿಕ್ಕಪ್ಪ ಸಮುದ್ರದಲ್ಲಿ ಎಣ್ಣೆ ಬಾವಿ ಮೇಲೆ ಕೆಲ್ಸ ಮಾಡ್ತಾರೆ. ಒಂದಿನಾನೂ ತಡವಾಗಿ ಹೋದೋರಲ್ಲ, ಅರ್ಧಕ್ಕೆ ಬಿಟ್ಟು ಬಂದೋರಲ್ಲ. ಎಣ್ಣೆ ಬಾವಿ ಮೇಲೆ ಪ್ರೀತಿ ಇದೆಯಾ ಅಂತ ಅವ್ರನ್ನ ಯಾರೂ ಕೇಳ್ಲಿಲ್ಲ."

ಹುಡುಗ ಹೇಳಿದ್ದು ಸರಿ ಎಂದು ಹಾರ್ಲನ್‌ಗೆ ಗೊತ್ತಿತ್ತು. ಸರಿಯಾದದ್ದನ್ನು ಹೇಳಿದವರ ಗತಿ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಅವನು ಬಟ್ಟಲು ಪಕ್ಕಕ್ಕೆ ಸರಿಸಿ, ಮಗನಿಗೆ ಮೊದಲ ಸಲ ಗಡ್ಡ ಹೆರೆಯುವುದನ್ನು ಕಲಿಸುವ ಅಪ್ಪನ ಹಾಗೆ, ಸುಳ್ಳು ಹೇಳುವುದನ್ನು ಕಲಿಸಲು ಕೂತ.

"ನೋಡು ಮಗಾ. ಫೆಬ್ರವರಿಲಿ ಇಂಡಿಯಾನಾಪೊಲಿಸ್‌ಗೆ ಬರ್ತೀಯ. ನಮ್ಮ ದೊಡ್ಡೋರು ಇದನ್ನೇ ಕೇಳ್ತಾರೆ. ಆಗ ಚಿಕ್ಕಪ್ಪನ ಕತೆ ಎತ್ತಬೇಡ. ಪ್ರೀತಿ ಇದೆ ಅನ್ನು."

"ಎಷ್ಟಿದೆ ಅಂತ ಕೇಳಿದ್ರೆ?"

"ತುಂಬಾ ಅನ್ನು. ಎಲ್ಲಕ್ಕಿಂತ ಜಾಸ್ತಿ ಅನ್ನು."

"ಸುಳ್ಳು ಹೇಳೋಕೆ ನಂಗೆ ಬರಲ್ಲ ಸಾರ್. ಅಮ್ಮ ಮುಖ ನೋಡಿದ್ ತಕ್ಷಣ ಕಂಡುಹಿಡೀತಾರೆ."

"ಅಲ್ಲಿ ಅಮ್ಮ ಇರಲ್ಲ. ಅಲ್ಲಿರೋರಿಗೆ ಮುಖ ನೋಡೋಕೇ ಬರಲ್ಲ."

ಇಂಡಿಯಾನಾಪೊಲಿಸ್‌ನಲ್ಲಿ ಪ್ರತಿ ವರ್ಷದಂತೆ ಪರೀಕ್ಷೆ ನಡೆಯಿತು. ಮೂವತ್ತು ಚಿಲ್ಲರೆ ತಂಡಗಳ ಗಂಡಸರು ಕುರ್ಚಿಗಳಲ್ಲಿ ಕೂತು ಕಾಫಿ ಹೀರುತ್ತಿದ್ದರು. ದೇಶದ ಅತ್ಯುತ್ತಮ ಯುವಕರು ಚಡ್ಡಿಯಲ್ಲಿ ಒಬ್ಬೊಬ್ಬರಾಗಿ ವೇದಿಕೆ ಹತ್ತಿ ತೂಕ ಹೇಳಿಸಿಕೊಂಡು ಇಳಿಯುತ್ತಿದ್ದರು. ತೋಳಿನ ಉದ್ದ ಅಳೆದರು, ಅಂಗೈ ಅಗಲ ಅಳೆದರು. ಒಬ್ಬ ಹುಡುಗನ ಕಿರುಬೆರಳು ಗಿಡ್ಡವಾಯಿತೆಂದು ಒಂದು ತಂಡದವರು ದುಃಖದಿಂದ ತಲೆಯಾಡಿಸಿದರು. ಹಲ್ಲು ಬಿಡಿಸಿ ನೋಡಿದ್ದರೆ ಎತ್ತಿನ ವ್ಯಾಪಾರವೇ ಆಗುತ್ತಿತ್ತು. ಆದರೆ ಎತ್ತನ್ನು ಕೊಳ್ಳುವವನು ಅದಕ್ಕೆ ನೇಗಿಲ ಮೇಲೆ ಪ್ರೀತಿ ಇದೆಯಾ ಎಂದು ಕೇಳುವುದಿಲ್ಲ.

ಹಾರ್ಲನ್‌ನ ತಂಡದ ಮುಖ್ಯಸ್ಥ ಬ್ರೆಂಟ್ ಕೋಲ್ಕ್ವಿಟ್. ಇನ್ನೂ ನಲವತ್ತಾಗದ, ದುಬಾರಿ ಕಾಲೇಜಿನಲ್ಲಿ ವ್ಯವಹಾರ ಓದಿದ, ಜೀವನದಲ್ಲಿ ಯಾರೂ ಡಿಕ್ಕಿ ಹೊಡೆಯದ ಮನುಷ್ಯ. ಯಾವುದೋ ವಿಮಾನ ನಿಲ್ದಾಣದಲ್ಲಿ ಕೊಂಡ ಪುಸ್ತಕದಿಂದ ಅವನಿಗೆ ಒಂದು ಸತ್ಯ ಹೊಳೆದಿತ್ತು: ಪ್ರೀತಿ ಇದ್ದಲ್ಲಿ ಗೆಲುವು. ಅದನ್ನು ಕಚೇರಿಯ ಗೋಡೆ ಮೇಲೂ, ನೀರಿನ ಬಾಟಲಿ ಮೇಲೂ ಬರೆಸಿದ್ದ. ಪ್ರೀತಿಯನ್ನು ಅಳೆಯಲೆಂದೇ ಡಾಕ್ಟರ್ ಆನ್ಸ್‌ಲಿ ವಾಸ್ ಎಂಬ ಮನಶ್ಶಾಸ್ತ್ರಜ್ಞೆಯನ್ನು ನೇಮಿಸಿಕೊಂಡಿದ್ದ.

ಸಂದರ್ಶನದ ಕೋಣೆಗೆ ಮೊದಲು ಬಂದವನು ಕೇಡ್ ಹಾಲಿಸ್ಟರ್. ಆ ಹೆಸರಿಗೆ ಕನ್ನಡದಲ್ಲಿ ಏನರ್ಥ ಬರುತ್ತದೆಂದು ಪಾಪ, ಆ ಕೋಣೆಯಲ್ಲಿ ಯಾರಿಗೂ ತಿಳಿಯದು. ಅವನೂ ತಡೆಯುವ ದಂಡಿನವನೇ. ದೊಡ್ಡ ವಿಶ್ವವಿದ್ಯಾಲಯ, ಅಪ್ಪ ಅಜ್ಜ ಎಲ್ಲರೂ ಆಡಿದ ಮನೆತನ, ನಾಣ್ಯದ ಮೇಲೆ ಅಚ್ಚು ಹಾಕಬಹುದಾದ ಗದ್ದ. ಪಾದಗಳು ಮಾತ್ರ ಸಿಮೆಂಟಿನವು.

"ಆಟದ ಮೇಲೆ ಪ್ರೀತಿ ಇದೆಯಾ, ಕೇಡ್?" ಎಂದ ಕೋಲ್ಕ್ವಿಟ್.

"ಸರ್, ಫುಟ್‌ಬಾಲ್ ನನ್ನ ಉಸಿರು. ಚಿಕ್ಕೋನಿದ್ದಾಗ ಹೆಲ್ಮೆಟ್ ಹಾಕ್ಕೊಂಡೇ ಮಲಗ್ತಿದ್ದೆ." ಕಣ್ಣೀರು ಇಳಿಯಿತು, ಕ್ಯಾಮೆರಾ ಇದ್ದ ಕಡೆಯ ಕಣ್ಣಿನಿಂದ. ಡಾಕ್ಟರ್ ವಾಸ್ ಪೆನ್ನು ಕೆಳಗಿಟ್ಟಳು. ಕೋಲ್ಕ್ವಿಟ್ ಎದ್ದು ಹೋಗಿ ಹುಡುಗನನ್ನು ಅಪ್ಪಿಕೊಂಡ. ಹಿಂದಿನ ಸಾಲಿನಲ್ಲಿದ್ದ ಹಾರ್ಲನ್ ತನ್ನ ಬೂಟಿನ ತುದಿ ನೋಡಿಕೊಂಡ.

ಆಮೇಲೆ ಒಸಾಯಾ ಬಂದ. ಕುರ್ಚಿ ನರಳಿತು. ಅದೇ ಪ್ರಶ್ನೆ ಬಂತು. ಹುಡುಗ ಒಮ್ಮೆ ಹಾರ್ಲನ್‌ನತ್ತ ನೋಡಿ, ಇಂಜೆಕ್ಷನ್ನಿಗೆ ತೋಳು ಒಡ್ಡಿದವನಂತೆ ಬಿಗಿಯಾಗಿ ಕೂತು ಹೇಳಿದ: "ಇದೆ ಸರ್. ತುಂಬಾ. ನಮ್ಮಮ್ಮನಿಗಿಂತ ಜಾಸ್ತಿ."

ಕೋಲ್ಕ್ವಿಟ್ ನೀರಿನ ಬಾಟಲಿ ಕೆಳಗಿಟ್ಟ.

"ಅಮ್ಮನಿಗಿಂತ?" ಡಾಕ್ಟರ್ ವಾಸ್ ಮುಂದಕ್ಕೆ ಬಾಗಿದಳು.

"ಹೌದು ಮೇಡಂ. ಎಲ್ಲಕ್ಕಿಂತ ಅಂದ್ರೆ ಅವ್ರೂ ಸೇರ್ತಾರಲ್ವಾ?"

"ಅಮ್ಮನ ಜೊತೆ ಏನಾದ್ರೂ ಜಗಳ ಇದೆಯಾ?"

"ಇಲ್ಲ ಮೇಡಂ. ಈಗ ಶುರುವಾಗ್ಬೋದು."

ಯಾರೂ ನಗಲಿಲ್ಲ. ಹಾರ್ಲನ್ ಕಣ್ಣು ಮುಚ್ಚಿಕೊಂಡ. ಹುಡುಗನ ಹೆಸರಿನ ಮುಂದೆ ಡಾಕ್ಟರ್ ವಾಸ್ "ಭಾವನಾತ್ಮಕ ಬೇರುಗಳು ಸಡಿಲ" ಎಂದು ಬರೆದಳು. ಕೋಲ್ಕ್ವಿಟ್ ಅದನ್ನು ಓದಿ ಗಂಭೀರವಾಗಿ ತಲೆದೂಗಿದ. ಅರ್ಥವಾಗದ್ದಕ್ಕೆಲ್ಲ ಅವನು ಹಾಗೆಯೇ ತಲೆದೂಗುತ್ತಿದ್ದ.

ಆ ವಾರವೇ ಹಾರ್ಲನ್‌ನ ಫೋನು ಬಡಿದುಕೊಂಡಿತು.

"ಪಿಕ್ರೆಲ್ ಅನ್ನೋರು ನೀವೇನಾ? ನಾನು ವರ್ಲೀನ್ ಗಿಡ್ರಿ, ಒಸಾಯಾನ ತಾಯಿ. ಹೆತ್ತು, ಹೊತ್ತು, ಅಂಥ ದೇಹಕ್ಕೆ ದಿನಾ ಅಡುಗೆ ಮಾಡಿ ಹಾಕಿದೋಳು ನಾನು. ಅಮ್ಮನಿಗಿಂತ ಚೆಂಡೇ ಹೆಚ್ಚು ಅಂತ ನನ್ನ ಮಗನ ಬಾಯಲ್ಲಿ ಹೇಳಿಸಿದ್ರಂತೆ?"

"ಅಮ್ಮಾ, ನಾನು ಎಲ್ಲಕ್ಕಿಂತ ಅಂತ ಮಾತ್ರ..."

"ಸುಳ್ಳು ಕಲ್ಸೋದಾದ್ರೆ ನೆಟ್ಟಗೆ ಕಲಿಸ್ಬೇಕು ಕಣ್ರೀ. ಅರ್ಧ ಕಲ್ಸಿ ಕಳ್ಸಿದೀರಲ್ಲ, ನಾಚಿಕೆ ಆಗ್ಬೇಕು. ಇರ್ಲಿ, ಈ ಕಡೆ ಬಂದಾಗ ಮನೆಗೆ ಬನ್ನಿ. ಬಯ್ಯೋದು ಇನ್ನೂ ಬಾಕಿ ಇದೆ, ಊಟ ಹಾಕಿ ಬಯ್ತೀನಿ."

ಏಪ್ರಿಲ್‌ನ ಕೊನೆಯ ಸಭೆಯಲ್ಲಿ ಹಾರ್ಲನ್ ತನ್ನ ಜಾಯಮಾನಕ್ಕೆ ಮೀರಿ ಮಾತಾಡಿದ. ಇಬ್ಬರ ಆಟವನ್ನೂ ಪರದೆಯ ಮೇಲೆ ಪಕ್ಕಪಕ್ಕದಲ್ಲಿ ಹಾಕಿಸಿದ. ಒಸಾಯಾ ತಡೆದವರು ತಡೆದಲ್ಲೇ ನಿಂತಿದ್ದರು. ಕೇಡ್ ತಡೆದವರು ಅವನನ್ನು ದಾಟಿ ಹೋಗಿ ಚೆಂಡೆಸೆಯುವವನ ಎದೆ ಮೇಲೆ ಕೂತಿದ್ದರು.

"ಕೇಡ್ ಬೀಳ್ತಿದಾನೆ, ನಿಜ," ಎಂದ ಕೋಲ್ಕ್ವಿಟ್. "ಆದ್ರೆ ಬಿದ್ದಾಗ ಅವ್ನ ಮುಖ ನೋಡಿ ಹಾರ್ಲನ್. ಎಷ್ಟು ನೋವು ಪಡ್ತಿದಾನೆ. ಅದು ಪ್ರೀತಿ."

"ಪಕ್ಕೆಲುಬಿಗೆ ಏಟು ಬಿದ್ರೆ ಯಾರ ಮುಖಾನೂ ಹಾಗೇ ಆಗುತ್ತೆ."

"ನೀವು ಹಳೇ ಕಾಲದೋರು. ಬರೀ ಆಟ ನೋಡ್ತೀರಿ."

ಇದಕ್ಕಿಂತ ದೊಡ್ಡ ಬೈಗುಳ ಆ ಕಟ್ಟಡದಲ್ಲಿ ಇರಲಿಲ್ಲ. ಡ್ರಾಫ್ಟ್ ದಿನ ಮೊದಲ ಸುತ್ತಿನಲ್ಲೇ ತಂಡ ಕೇಡ್‌ನನ್ನು ಆರಿಸಿತು. ಅವನು ವೇದಿಕೆ ಮೇಲೆ ಮತ್ತೊಮ್ಮೆ ಅತ್ತ. ಒಸಾಯಾನನ್ನು ಸುತ್ತುಗಳೆಲ್ಲ ಮುಗಿಯುತ್ತ ಬಂದಾಗ ದಕ್ಷಿಣದ ಒಂದು ತಂಡ ತೆಗೆದುಕೊಂಡಿತು. ಟೀವಿಯವರು ಅವನ ಮನೆಗೆ ಹೋದಾಗ ಅವನು ಊಟ ಮಾಡುತ್ತಿದ್ದ. ಕೈ ತೊಳೆದು ಬಂದು ಥ್ಯಾಂಕ್ಸ್ ಹೇಳಿ ಮತ್ತೆ ಊಟಕ್ಕೆ ಕೂತ.

ಮುಂದೆ ಆದದ್ದನ್ನು ಊಹಿಸಲು ಮನಶ್ಶಾಸ್ತ್ರ ಓದಬೇಕಾಗಿರಲಿಲ್ಲ. ಕೇಡ್‌ನ ಪ್ರೀತಿಯಿಂದಾಗಿ ತಂಡದ ಚೆಂಡೆಸೆಯುವವನ ಭುಜ ಜಾರಿತು, ಅವನ ಬದಲಿಗೆ ಬಂದವನ ಮಂಡಿ ಮುರಿಯಿತು. ಎರಡನೆಯ ವರ್ಷ ಮುಗಿಯುವ ಮೊದಲೇ ಕೇಡ್ ನಿವೃತ್ತಿ ಘೋಷಿಸಿ, ಅದೇ ಕಣ್ಣಿನಿಂದ ಅತ್ತು, ಕಂಪನಿಗಳ ನೌಕರರಿಗೆ "ಮಾಡುವ ಕೆಲಸವನ್ನು ಪ್ರೀತಿಸಿ" ಎಂದು ಭಾಷಣ ಮಾಡುವ ಉದ್ಯೋಗ ಹಿಡಿದ. ಒಸಾಯಾ ಇತ್ತ ದಿನಾ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬಂದು, ಎದುರಾಳಿಗಳನ್ನು ತೋಳು ಹಿಡಿದು ಪಕ್ಕಕ್ಕೆ ಕಳಿಸಿ, ಮನೆಗೆ ಹೋಗುತ್ತಿದ್ದ. ಎರಡನೆಯ ವರ್ಷವೇ ದೇಶದ ಅತ್ಯುತ್ತಮರ ಸಾಲಿಗೆ ಸೇರಿದ. ಟೀವಿಯಲ್ಲಿ ಆಟದ ಮೇಲಿನ ಪ್ರೀತಿಯ ಬಗ್ಗೆ ಕೇಳಿದಾಗ, ಈಗ ಕೆಲಸ ಖಾಯಂ ಆಗಿದ್ದರಿಂದ, ಧೈರ್ಯವಾಗಿ ಎಣ್ಣೆ ಬಾವಿಯ ಚಿಕ್ಕಪ್ಪನ ಕತೆ ಹೇಳಿದ. ದೇಶವೆಲ್ಲ ತಲೆದೂಗಿತು.

ಮೇ ತಿಂಗಳಲ್ಲಿ ಕೋಲ್ಕ್ವಿಟ್ ಹಾರ್ಲನ್‌ನನ್ನು ಕೋಣೆಗೆ ಕರೆದ.

"ಈ ಗಿಡ್ರಿ ನಿಮ್ಮ ಏರಿಯಾದ ಹುಡುಗ ಅಲ್ವಾ?"

"ಹೌದು."

"ನಮ್ಮ ಕೈ ತಪ್ಪಿ ಹೋದ. ಮಾಲೀಕರು ಕೇಳ್ತಿದಾರೆ, ಯಾರ ತಪ್ಪು ಅಂತ."

"ತಗೋಳಿ ಅಂತ ನಾನು ಹೇಳಿದ್ದೆ. ಈ ಕೋಣೇಲೇ ಹೇಳಿದ್ದೆ."

"ಹೇಳಿದ್ರಿ, ಇಲ್ಲ ಅನ್ನಲ್ಲ," ಕೋಲ್ಕ್ವಿಟ್ ಬಹಳ ಬೇಸರದಿಂದ ಹೇಳಿದ. "ಆದ್ರೆ ನಾವು ಒಪ್ಪೋ ಹಾಗೆ ಹೇಳ್ಲಿಲ್ಲ. ಅದೇ ನೋಡಿ ನಿಮ್ಮ ಕೊರತೆ."

ಹಾರ್ಲನ್‌ಗೆ ಸಿಟ್ಟು ಬರಬೇಕಿತ್ತು. ಬದಲಿಗೆ ನಗು ಬಂತು, ನಕ್ಕರೆ ಕೆಲಸದಿಂದ ತೆಗೆದದ್ದಕ್ಕೆ ಕೊಡುವ ಪರಿಹಾರ ಕಡಿಮೆಯಾದೀತೆಂದು ಕೆಮ್ಮಿದ. ಮನೆಗೆ ಬಂದು ಹೇಳಿದಾಗ ಮಾರ್ಲಿಸ್ ಟೀವಿ ಆರಿಸಿ ಅವನ ಪಕ್ಕ ಕೂತಳು. ವಾರದ ನಂತರ ಕಚೇರಿಯಿಂದ ಕೃತಜ್ಞತೆಯ ಚೀಟಿಯ ಜೊತೆ ಹಂದಿ ತೊಡೆಯ ಮಾಂಸ ಬಂತು. ಅವಳು ಒಂದು ತುಂಡು ಬಾಯಿಗೆ ಹಾಕಿಕೊಂಡು, "ಇದಕ್ಕೆ ಉಪ್ಪು ಜಾಸ್ತಿ ಆಗಿದೆ. ಇದನ್ನೂ ಯಾರೂ ರುಚಿ ನೋಡಿ ಆರಿಸಿಲ್ಲ," ಎಂದಳು.

ಬೇಸಿಗೆ ಕಳೆಯುವುದರೊಳಗೆ ಇನ್ನೊಂದು ತಂಡ ಅವನನ್ನು ಕರೆಯಿತು. ಸಂಬಳ ಕಡಿಮೆ, ಸುತ್ತಾಟ ಅದೇ. ಮೊದಲ ಸಭೆಯಲ್ಲೇ ಹೊಸ ಮುಖ್ಯಸ್ಥೆ ಡೆನೀಸ್ ಯಾರ್ಬ್ರೋ ಮೇಜು ತಟ್ಟಿ ಹೇಳಿದಳು: "ಈ ವರ್ಷದಿಂದ ಪ್ರೀತಿ ಗೀತಿ ಅನ್ನೋ ಹುಡುಗ್ರು ನಮಗೆ ಬೇಡ. ಗಿಡ್ರಿ ಥರ ಬೇಕು. ತಣ್ಣಗಿರಬೇಕು."

ಅವಳೊಬ್ಬಳೇ ಅಲ್ಲ, ಎಲ್ಲ ತಂಡಗಳಿಗೂ ಆ ಗಾಳಿ ಬೀಸಿತ್ತು. ಹುಡುಗರ ಏಜೆಂಟರು ರಾತ್ರೋರಾತ್ರಿ ಪಾಠ ಬದಲಿಸಿದ್ದರು. ಅಳುವುದನ್ನು ಕಲಿತವರೆಲ್ಲ ಈಗ ಆಕಳಿಸುವುದನ್ನು ಕಲಿಯುತ್ತಿದ್ದರು.

ಮಿಸಿಸಿಪ್ಪಿಯ ಟಕರ್ ಸ್ಲೈ ಎಂಬ ಹುಡುಗ ಸಂದರ್ಶನದಲ್ಲಿ ಎಲ್ಲರನ್ನೂ ಮೀರಿಸಿದ. "ಆಟನಾ ಮೇಡಂ? ಹೂಂ, ಪರವಾಗಿಲ್ಲ. ಸಂಬಳ ಕೊಟ್ರೆ ಬರ್ತೀನಿ," ಎಂದು ಕುರ್ಚಿಗೆ ಒರಗಿದ. ಡೆನೀಸ್‌ಳ ಕಣ್ಣು ಮಿನುಗಿತು. ಹಾರ್ಲನ್ ಮಾತ್ರ ಆ ಹುಡುಗನ ಮಂಡಿ ಮೇಜಿನ ಕೆಳಗೆ ಪಟಪಟ ಅಲ್ಲಾಡುತ್ತಿದ್ದುದನ್ನು ನೋಡಿದ.

ಮಾರ್ಚ್‌ನಲ್ಲಿ ಅವನ ಕಾಲೇಜಿಗೆ ಹೋದ. ಬೆಳಗಿನ ಮಂಜು ಇನ್ನೂ ಹುಲ್ಲಿನ ಮೇಲೇ ಇತ್ತು. ಖಾಲಿ ಮೈದಾನದ ಮೂಲೆಯಲ್ಲಿ ಟಕರ್ ಒಬ್ಬನೇ ಅಭ್ಯಾಸಕ್ಕೆಂದು ಇಟ್ಟ ಕಬ್ಬಿಣದ ತಳ್ಳುಬಂಡಿಗೆ ಭುಜ ಕೊಟ್ಟು, ತನಗೆ ತಾನೇ ಆಟದ ವೀಕ್ಷಕವಿವರಣೆ ಹೇಳಿಕೊಳ್ಳುತ್ತ, ಕಾಣದ ಪ್ರೇಕ್ಷಕರಿಗೆ ಕೈ ಎತ್ತುತ್ತ ತಳ್ಳುತ್ತಿದ್ದ. ಮುಖ ತುಂಬ ಕೆಸರು, ಕಿವಿಯಿಂದ ಕಿವಿಗೆ ನಗು. ಹಾರ್ಲನ್‌ನನ್ನು ಕಂಡದ್ದೇ ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ಬಿಳಿಚಿಕೊಂಡ.

"ಸಾರ್... ದಯವಿಟ್ಟು ಯಾರಿಗೂ ಹೇಳ್ಬೇಡಿ. ಗೊತ್ತಾದ್ರೆ ನನ್ನ ಕತೆ ಮುಗೀತು."

ಹಾರ್ಲನ್ ಸುತ್ತ ನೋಡಿದ. ಮೈದಾನದಲ್ಲಿ ಬೇರೆ ಯಾರೂ ಇರಲಿಲ್ಲ. ಕಾಫಿ ಲೋಟವನ್ನು ಹುಲ್ಲಿನ ಮೇಲಿಟ್ಟು ಹತ್ತಿರ ಹೋದ.

"ಏನು ಹೇಳೋದು? ನಾನೇನೂ ನೋಡ್ಲಿಲ್ಲ," ಎಂದ. "ಎಡಗಾಲು ಇನ್ನೊಂಚೂರು ಅಗಲಕ್ಕಿಡು. ಹಾಂ. ಈಗ ತಳ್ಳು."