ಅಕ್ಕನ ಹೆಸರಲ್ಲಿ ಒಂದು ನಕ್ಷತ್ರ

ಸರ್ವರ್‌ಗೆ ತಿಂಗಳ ಬಾಡಿಗೆ, ಆ್ಯಪ್ ಸ್ಟೋರಿಗೆ ಶುಲ್ಕ, ಅದರ ಮೇಲೆ ಎರಡು ವರ್ಷದ ನಿದ್ದೆ. ದರ್ಜಿಗಳು ಗಿರಾಕಿಗಳ ಅಳತೆ ಉಳಿಸಿಕೊಳ್ಳಲೆಂದು ತಮ್ಮನೊಬ್ಬನೇ ಕೂತು ಮಾಡಿದ ಆ್ಯಪಿಗೆ ಇಷ್ಟು ಬಿದ್ದಿತ್ತು. ದೊಡ್ಡ ಕಂಪನಿಯೊಂದು ಅಂಥದ್ದನ್ನೇ ಪುಕ್ಕಟೆ ಕೊಟ್ಟಾಗ ಅವನ ಹೊಟ್ಟೆಗೆ ಬೆಂಕಿ ಬಿತ್ತು. ಹೊಲಿಗೆ ಅಂಗಡಿ ಇಟ್ಟಿದ್ದ ತನ್ನ ಅಕ್ಕನಿಗೆ ಹೇಳದೆ ಅವಳ ಫೋನಿನಿಂದಲೇ ಕಂಪನಿಯ ಆ್ಯಪಿಗೆ ಒಂದೇ ನಕ್ಷತ್ರ ಕೊಟ್ಟು, ‘ನನ್ನ ಗಿರಾಕಿಗಳ ಅಳತೆಯೆಲ್ಲ ಅಳಿಸಿಹೋಯಿತು’ ಎಂದು ಬರೆದ. ನಂಬಲಿ ಎಂದು ಅವಳ ನಂಬರನ್ನೂ ಹಾಕಿದ.

ಕಂಪನಿಯಿಂದ ಕರೆ ಬಂದಾಗ ಅಕ್ಕನ ಕೈತುಂಬ ಬಟ್ಟೆ. ಸ್ಪೀಕರ್ ಒತ್ತಿದಳು.

“ಮೇಡಂ, ಅಳತೆಯೆಲ್ಲ ಹೋಯ್ತು ಅಂತ ಬರೆದಿದ್ರಲ್ಲ, ಹುಡುಕಿ ಕೊಡ್ತೀವಿ.”

ಅಕ್ಕ ಪಕ್ಕದಲ್ಲಿ ಕೂತಿದ್ದ ತಮ್ಮನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. ಗೇಣುದ್ದ ಬಟ್ಟೆ ಉಳಿದರೂ ಗಿರಾಕಿಯನ್ನು ಕರೆದು ಕೊಡುವ ಹೆಂಗಸು ಅವಳು.

“ಹೌದಪ್ಪಾ, ಹೋಗಿತ್ತು. ಆಮೇಲೆ ಸಿಕ್ತು, ಬಿಡಿ,” ಎಂದಳು.

ಎದುರಿಗಿದ್ದ ಹಳೆಯ ಗಿರಾಕಿ ತಂದ ಬಟ್ಟೆಯನ್ನು ಮತ್ತೆ ಚೀಲಕ್ಕೆ ತುರುಕಿದರು. “ಅದಕ್ಕೇ ಹೋದ್ಸಲ ತೋಳು ಬಿಗಿಯಾಗಿದ್ದು! ಒಂದು ಮಾತು ಹೇಳ್ಬಾರ್ದಿತ್ತೇನಮ್ಮ?”

ದಪ್ಪಗಾಗಿದ್ದು ಅವರ ತೋಳೇ ಎಂದು ಅಕ್ಕನಿಗೆ ಗೊತ್ತಿತ್ತು. ಕೈಯಲ್ಲಿದ್ದ ಬಟ್ಟೆ ಮಡಚತೊಡಗಿದಳು.

ಅವರು ಮೆಟ್ಟಿಲಿಳಿದ ಮೇಲೆ ತಮ್ಮ ಮೆಲ್ಲಗೆ ಹೇಳಿದ, “ನಿಜ ಹೇಳಿಬಿಡಬೇಕಿತ್ತು ಅಕ್ಕಾ.”

“ಎಲ್ಲರ ಮುಂದೆ ನಿನ್ನ ಮಾನ ಹರಾಜು ಹಾಕ್ಲೇನೋ? ಮೊದಲು ಅದನ್ನ ಅಳಿಸು.”

ಅಳಿಸಿದ. ಅವಳತ್ತ ನೋಡಲು ಮುಖವಿರಲಿಲ್ಲ. ಕಂಪನಿಯ ಕೂದಲೂ ಕೊಂಕಲಿಲ್ಲ, ಅವನ ಆ್ಯಪಿಗೆ ಹೊಸಬರು ಒಬ್ಬರೂ ಸೇರಲಿಲ್ಲ. ಅಕ್ಕನ ಹಳೆಯ ಗಿರಾಕಿ ಮಾತ್ರ ಮತ್ತೆ ಬರಲಿಲ್ಲ.